ಕಾರಿಲ್ಲದವನ ಇನ್ಶೂರೆನ್ಸ್

ಎಲ್ಲದಕ್ಕೂ ಕಾರಣ ಸುಶೀಲಮ್ಮನವರ ಎಡ ಮೊಣಕಾಲು. ಬಲ ಮೊಣಕಾಲು ತನ್ನ ಪಾಡಿಗೆ ತಾನಿತ್ತು, ಅದರ ಮೇಲೆ ಯಾರಿಗೂ ದೂರಿರಲಿಲ್ಲ. ಎಡದ್ದು ಮಾತ್ರ ಮೈಸೂರಿನಿಂದ ಮಸ್ಕತ್ತಿಗೆ ಬಂದಿಳಿದ ದಿನದಿಂದ ಊದಿಕೊಂಡು, ಮಗ ಚಲುವರಾಜುವಿನ ವಾದಿ ಕಬೀರ್ ಫ್ಲ್ಯಾಟಿನ ಸೋಫಾ ಮೇಲೆ ಉದ್ದಕ್ಕೆ ಮಲಗಿಬಿಟ್ಟಿತ್ತು. ರುಸ್ತಾಕಿನ ಬಿಸಿನೀರಿನ ಬುಗ್ಗೆಯಲ್ಲಿ ಅರ್ಧ ಗಂಟೆ ಕಾಲು ಇಳಿಬಿಟ್ಟರೆ ಇಂಥ ನೋವು ಹೋಗುತ್ತದೆ ಎಂದು ಯಾರೋ ಲಿಫ್ಟಿನಲ್ಲಿ ಹೇಳಿದರು. ಲಿಫ್ಟಿನಲ್ಲಿ ಹುಟ್ಟಿದ ಮಾತು ನಾಲ್ಕನೇ ಮಹಡಿ ಮುಟ್ಟುವುದರೊಳಗೆ ತೀರ್ಮಾನವಾಯಿತು. ಮರುದಿನ ಶುಕ್ರವಾರ, ವಾರದ ರಜೆ, ಬೆಳಿಗ್ಗೆ ಏಳಕ್ಕೆ ಮೂರನೇ ಮಹಡಿಯ ಗುರುವನ ಮನೆಯ ಬೆಲ್ಲು ಸದ್ದು ಮಾಡಿತು.

"ಗುರುವಣ್ಣ, ಎದ್ದಿದ್ದೀರಾ?"

"ಇಲ್ಲ," ಎಂದ ಗುರುವ, ಬಾಗಿಲು ತೆರೆದು ನಿಂತುಕೊಂಡೇ.

ಚಲುವರಾಜು ನಕ್ಕ. ಅವನ ಬೆರಳಿನಲ್ಲಿ ಕಾರಿನ ಕೀ ತೂಗುತ್ತಿತ್ತು. ಆ ಕೀ ಕಂಡೊಡನೆ ಗುರುವನಿಗೆ ಕಾಲಿನಿಂದ ತಲೆಯವರೆಗೆ ಒಂದು ಸುಸ್ತು ಹತ್ತಿಕೊಂಡಿತು.

ಚಲುವರಾಜುವಿನ ಬಳಿ ಕಾರಿತ್ತು, ಲೈಸೆನ್ಸ್ ಇರಲಿಲ್ಲ. ಗುರುವನ ಬಳಿ ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಎಂದು ಗುರುವನ ಹೆಂಡತಿ ವಸಂತಿ ಹೇಳುತ್ತಿದ್ದಳು. ಅವಳು ಅದನ್ನು ಹೊಗಳಿಕೆಯಾಗಿ ಹೇಳುತ್ತಿರಲಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಒಂದೇ ತಿಂಗಳಲ್ಲಿ ಪಾಸಾಗುತ್ತೇನೆಂಬ ಧೈರ್ಯದ ಮೇಲೆ ಚಲುವರಾಜು ಹೋದ ವರ್ಷವೇ ಕಾರು ತಂದಿದ್ದ. ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಕಾರು ನುಗ್ಗಿಸುವ ಪರೀಕ್ಷೆಯನ್ನು ಮೂರನೇ ಸಲಕ್ಕೆ ದಾಟಿದ. ರಸ್ತೆಯ ಪರೀಕ್ಷೆಯಲ್ಲಿ ಆರು ಸಲ ಬಿದ್ದ. ಪ್ರತಿಸಲವೂ ರೌಂಡಬೌಟಿನ ತಪ್ಪು ಎಂದೇ ಹೇಳುತ್ತಿದ್ದ. ಹೀಗಾಗಿ ತರಕಾರಿಗೆ, ಆಸ್ಪತ್ರೆಗೆ, ಏರ್‌ಪೋರ್ಟಿಗೆ, ರೂವಿಯ ಆಫೀಸಿಗೆ ಆ ಬಿಳಿ ಕಾರನ್ನು ಓಡಿಸುವ ಕೆಲಸ ಗುರುವನ ಪಾಲಿಗೆ ಬಂದಿತ್ತು. ಇವನೊಬ್ಬನದೇ ಅಲ್ಲ, ಬಿಲ್ಡಿಂಗಿನಲ್ಲಿ ಯಾರಿಗೆ ಜ್ವರ ಬಂದರೂ, ಯಾರು ಊರಿಗೆ ಹೊರಟರೂ ಒಂದು ಕೀ ಗುರುವನ ಕೈಗೆ ಬರುತ್ತಿತ್ತು. ಎಂಟು ವರ್ಷಗಳಿಂದ ಅವನು ಪರರ ಸೀಟುಗಳನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತ, ಪರರ ಕನ್ನಡಿಗಳನ್ನು ತಿರುಗಿಸುತ್ತ, ಮರ್ಯಾದೆಗೆಂದು ಪರರ ಟ್ಯಾಂಕಿಗೆ ಪೆಟ್ರೋಲು ಹಾಕಿಸುತ್ತ ಬಂದಿದ್ದ. ಅವನಿಗೆ ದೊಡ್ಡ ಆಸೆಯೇನೂ ಇರಲಿಲ್ಲ. ಸೀಟು ತಾನು ಬಿಟ್ಟಲ್ಲೇ ಇರುವ ಒಂದು ಕಾರು ಬೇಕಿತ್ತು, ಅಷ್ಟೆ.

ಅದು ಸಿಗುವ ಹೊತ್ತು ಬಂದಿತ್ತು. ಗುರುವ ಮತ್ತು ಚಲುವರಾಜು ಇಬ್ಬರೂ ರೂವಿಯ ಒಂದೇ ಕಟ್ಟಡ ಸಾಮಗ್ರಿ ಕಂಪನಿಯಲ್ಲಿದ್ದರು. ಗುರುವ ಕಾಗದಪತ್ರದ ವಿಭಾಗದಲ್ಲಿ, ಚಲುವರಾಜು ಸ್ಟೋರಿನಲ್ಲಿ. ರುಸ್ತಾಕಿನಲ್ಲಿ ಹೊಸ ಶಾಖೆ ತೆರೆಯುವುದಿತ್ತು, ಅಲ್ಲಿಗೆ ಹೋಗಿ ಬರುವ ಇನ್‌ಚಾರ್ಜಿಗೆ ಕಂಪನಿಯ ಕಾರು. ಎಚ್‌ಆರ್‌ನ ನೀರಜಾ ಮೂರು ನಿಯಮ ಹೇಳಿದ್ದಳು. ಹೆಸರಿನಲ್ಲಿ ಸ್ವಂತ ಗಾಡಿ ಇರಬಾರದು, ಹೆಸರಿನಲ್ಲಿ ಆಕ್ಸಿಡೆಂಟ್ ಇರಬಾರದು, ಲೈಸೆನ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಏನಾದರೂ ವ್ಯವಸ್ಥೆ ಮಾಡೋಣ ಎಂದು ಆಕೆ ಕೊನೆಯಲ್ಲಿ ಸೇರಿಸಿದ್ದನ್ನು ಗುರುವ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮೂರು ನಿಯಮಗಳನ್ನೂ ತನ್ನ ಅಳತೆ ತೆಗೆದೇ ಹೊಲಿದಂತಿದೆ ಎಂದು ಅವನಿಗನ್ನಿಸಿತ್ತು. ಚಲುವರಾಜುವೂ ಒಂದು ಅರ್ಜಿ ಹಾಕಿದ್ದ. ಪಾಪ, ಹಾಕಲಿ ಎಂದು ಗುರುವನೇ ಅದನ್ನು ತಿದ್ದಿಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಹೆಸರು ಹೊರಬೀಳುವುದಿತ್ತು.

"ಇವತ್ತು ಬೇಡ ಮಾರಾಯ್ರೆ," ಎಂದ ಗುರುವ. "ಭಾನುವಾರದವರೆಗೆ ನಾನು ಸೈಕಲ್ ಕೂಡ ಮುಟ್ಟುದಿಲ್ಲ."

"ಅವ್ವ ರಾತ್ರಿಯೆಲ್ಲಾ ಮಲಗಿಲ್ಲ ಗುರುವಣ್ಣ. ನೀವ್ ಬರಲ್ಲ ಅಂದ್ರೆ ನಾನೇ ಓಡಿಸ್ಕೊಂಡ್ ಹೋಗ್ತೀನಿ."

ಇದು ಬೆದರಿಕೆಯೇ ಹೌದು. ಗುರುವ ತಲೆ ತುರಿಸಿಕೊಳ್ಳುತ್ತಿದ್ದಾಗ ಒಳಗಿನಿಂದ ವಸಂತಿ ಬಂದಳು. ಅವಳ ಕೈಯಲ್ಲಿ ದೋಸೆಯ ಸೌಟಿತ್ತು.

"ನೋಡಿ ಚಲುವರಾಜು, ಹೋದ ರಂಜಾನಲ್ಲಿ ಇವರು ಎರಡನೇ ಮಹಡಿಯ ಮ್ಯಾಕ್ಸಿಮ್‌ನ ಕಾರು ತೆಗೆದುಕೊಂಡು ಹೋಗಿ ಗೇಟಿಗೆ ಉಜ್ಜಿದ್ರು. ಮ್ಯಾಕ್ಸಿಮ್ ಎಂತ ಹೇಳಿದ? ಪರವಾಗಿಲ್ಲ ಹೇಳಿದ. ಮರುದಿನ ಬಂಪರಿನ ಬಿಲ್ಲು ಕಳಿಸಿದ. ಇವರಿಗೆ ಇವರ ಹೆಸರಲ್ಲೊಂದು ಇನ್ಶೂರೆನ್ಸ್ ಆಗದೆ ಯಾರ ಕಾರಿಗೂ ಕೈ ಹಾಕ್ಲಿಕ್ಕಿಲ್ಲ ಅಂತ ನಾನು ಅವತ್ತೇ ಹೇಳಿದ್ದೇನೆ."

"ಕಾರಿಲ್ದೋರ್ಗೆ ಎಲ್ಲಿ ಇನ್ಶೂರೆನ್ಸ್ ಕೊಡ್ತಾರೆ ವಸಂತಕ್ಕ?"

"ಆದಂನನ್ನು ಕರೀರಿ," ಎಂದಳು ವಸಂತಿ.

ಆದಂ ನೆಲಮಹಡಿಯಲ್ಲಿದ್ದ. ಬಂಟ್ವಾಳದ ಕಡೆಯವನು, ಇನ್ಶೂರೆನ್ಸ್ ಕಂಪನಿಯೊಂದರ ಏಜೆಂಟು. ರಜೆಯ ದಿನ ಅವನನ್ನು ಎಬ್ಬಿಸಲು ಪಾಲಿಸಿ ಎಂಬ ಒಂದು ಶಬ್ದ ಸಾಕಿತ್ತು. ಲುಂಗಿಯಲ್ಲೇ ಮೇಲೆ ಬಂದು, ವಸಂತಿಯ ದೋಸೆ ತಿನ್ನುತ್ತ ವಿಷಯ ಕೇಳಿದ.

"ಈ ಊರಲ್ಲಿ ಇನ್ಶೂರೆನ್ಸ್ ಕಾರಿಗೆ, ಮನುಷ್ಯನಿಗಲ್ಲ ವಸಂತಕ್ಕ. ಕಾರು ಎಲ್ಲಿ ಹೋಗ್ತದೋ ಅದೂ ಒಟ್ಟಿಗೆ ಹೋಗ್ತದೆ. ಓಡಿಸುವವ ಯಾರೂ ಆಗಬಹುದು."

"ಮತ್ತೆ ಮ್ಯಾಕ್ಸಿಮ್‌ನ ಬಂಪರಿಗೆ ನಾನು ಬಳೆಗೆ ಇಟ್ಟ ದುಡ್ಡು ಯಾಕೆ ಹೋಯ್ತು?"

ಆದಂ ಇನ್ನೊಂದು ದೋಸೆ ಹಾಕಿಸಿಕೊಂಡ. ಅದು ಮುಗಿಯುವಾಗ ಅವನ ಮುಖ ಬೆಳಗಿತು. "ಒಂದು ಉಂಟು. ನಮ್ಮಲ್ಲಿ ಹೊಸತಾಗಿ ಶುರು ಮಾಡಿದ್ದು. ಸ್ವಂತ ಕಾರಿಲ್ಲ, ಆದ್ರೆ ಬೇರೆಯವರದ್ದು ಓಡಿಸ್ತಾರೆ, ಅಂಥವರಿಗೆ. ಎದುರಿನವರಿಗೆ ಎಂತ ಹಾನಿ ಆದ್ರೂ ಅದು ನೋಡಿಕೊಳ್ತದೆ. ಇಷ್ಟರವರೆಗೆ ಒಬ್ಬನೂ ತೆಗೊಳ್ಳಲಿಲ್ಲ. ಗುರುವಣ್ಣನೇ ಮೊದಲು."

ಗುರುವನಿಗೆ ಕಣ್ಣು ತುಂಬಿ ಬಂದಂತಾಯಿತು. ತನ್ನಂಥವರು ಇದ್ದಾರೆಂದು ಪ್ರಪಂಚದಲ್ಲಿ ಯಾರೋ ಒಬ್ಬನಿಗೆ ಹೊಳೆದಿದೆಯಲ್ಲ. ಆದಂ ಫೋನಿನಲ್ಲೇ ಫಾರ್ಮ್ ತೆರೆದ.

"ಸ್ವಂತ ಕಾರು ಉಂಟಾ?"

"ಇಲ್ಲ."

"ಮೊದಲು ಇತ್ತಾ?"

"ಎಲ್ಲಿಂದ ಮಾರಾಯ?"

ಬಾಗಿಲ ಬಳಿ ನಿಂತಿದ್ದ ಚಲುವರಾಜುವಿಗೆ ಕೆಮ್ಮು ಬಂತು. "ಇದೆಲ್ಲಾ ಯಾಕೆ ಗುರುವಣ್ಣ, ಹೊತ್ತಾಗುತ್ತೆ. ಜುಮ್ಮಾ ನಮಾಜಿನ್ ರಶ್ ಆಗೋಕ್ ಮುಂಚೆ ವಾಪಸ್ ಹೊರಡ್ಬೇಕು."

"ಬೇರೆಯವರ ಕಾರು ವಾರಕ್ಕೆ ಎಷ್ಟು ಸರ್ತಿ ಓಡಿಸ್ತೀರಿ?" ಆದಂ ಬಿಡಲಿಲ್ಲ.

"ಎಷ್ಟು ಸರ್ತಿ ಕೇಳ್ತಾರೋ ಅಷ್ಟು."

ಒಳಗಿನಿಂದ ಮಗಳು ಸಮೀಕ್ಷಾ, ಏಳನೇ ತರಗತಿ, ಪುಸ್ತಕದಿಂದ ತಲೆ ಎತ್ತದೆ, "ಪಪ್ಪಾ ಈಸ್ ಎ ಫ್ರೀ ಟ್ಯಾಕ್ಸಿ, ಅಂಕಲ್. ರೈಟ್ ದಟ್," ಎಂದಳು. ಆದಂ ಗುರುವನ ರೆಸಿಡೆಂಟ್ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಕಳಿಸಿದ. ಸಾಯಂಕಾಲದೊಳಗೆ ಒಪ್ಪಿಗೆಯ ಮೆಸೇಜು ಬರುತ್ತದೆ, ಬಂದಂತೆಯೇ ಲೆಕ್ಕ, ಹೋಗಿ ಬನ್ನಿ ಎಂದ.

ವಸಂತಿ ಬಾಗಿಲವರೆಗೆ ಬಂದಳು. "ಮೆಸೇಜು ಬರುವವರೆಗೆ ನಲವತ್ತರ ಮೇಲೆ ಓಡಿಸ್ಲಿಕ್ಕಿಲ್ಲ. ಮತ್ತೆ, ಯಾರು ಎಂತ ಕಾಗದ ಕೊಟ್ರೂ ಸೈನ್ ಮಾಡ್ಲಿಕ್ಕಿಲ್ಲ. ಗೊತ್ತಾಯ್ತಲ್ಲ?"

ಗುರುವ ನಕ್ಕ. ಸಹಿಯ ವಿಷಯವನ್ನು ಅವನಿಗೆ ಹೇಳಿಕೊಡಬೇಕೇ? ಆಫೀಸಿನಲ್ಲಿ ಮ್ಯಾನೇಜರರು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲಲ್ಲಿ ಹಳದಿ ಚೀಟಿ ಅಂಟಿಸುವುದೇ ಅವನ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಒಬ್ಬ ಮ್ಯಾನೇಜರೂ ಚೀಟಿಯ ಪಕ್ಕ ಏನು ಬರೆದಿದೆಯೆಂದು ಓದಿದ್ದನ್ನು ಅವನು ಕಂಡಿರಲಿಲ್ಲ.

ದಾರಿ ಒಂದೂವರೆ ಗಂಟೆಯದು, ಗುರುವನ ವೇಗಕ್ಕೆ ಎರಡೂವರೆ ಹಿಡಿಯಿತು. ಹಿಂದಿನ ಸೀಟಿನ ಉದ್ದಕ್ಕೂ ಸುಶೀಲಮ್ಮನವರ ಕಾಲು. ಅವರ ಮಡಿಲಲ್ಲಿ ಪುಳಿಯೋಗರೆಯ ಡಬ್ಬ. ಮುಂದಿನ ಸೀಟಿನಲ್ಲಿ ಚಲುವರಾಜು ಕುಳಿತು, ಟೆಸ್ಟಿಗೆ ಬಾಯಿಪಾಠ ಮಾಡಿದ್ದನ್ನೆಲ್ಲ ಗುರುವನಿಗೆ ಒಪ್ಪಿಸುತ್ತಿದ್ದ.

"ಇಂಡಿಕೇಟರ್ ಹಾಕಿ ಗುರುವಣ್ಣ. ಮುಂದೆ ಸ್ಪೀಡ್ ಹಿಡಿಯೋ ರೇಡಾರ್ ಐತೆ. ಈ ರೌಂಡಬೌಟಲ್ಲಿ ಎಡಗಡೆಯಿಂದ ಬರೋರ್ಗೆ ದಾರಿ ಬಿಡ್ಬೇಕು."

"ಗೊತ್ತುಂಟು."

"ನಂಗೂ ಗೊತ್ತಿತ್ತು, ಆದ್ರೂ ಫೇಲ್ ಮಾಡಿದ್ರು."

"ಏನ್ ಚೆಂದ ಓಡಿಸ್ತೀಯ ಕಣಪ್ಪ," ಹಿಂದಿನಿಂದ ಸುಶೀಲಮ್ಮ ಹೇಳಿದರು. "ನಿನ್ನ ಸ್ವಂತ ಕಾರೇನೋ ಅನ್ನೋ ಹಂಗೆ. ಅಲ್ವೇನೋ ಚಲುವ?"

ಚಲುವರಾಜು ಕಿಟಕಿಯಾಚೆಯ ಕಲ್ಲುಗುಡ್ಡಗಳನ್ನು ನೋಡತೊಡಗಿದ. ಗುರುವನ ಫೋನು ಟಿಂಗ್ ಎಂದಿತು. ಪಾಲಿಸಿಯದೇ ಇರಬೇಕೆಂದು ಕಾರನ್ನು ಬದಿಗೆ ನಿಲ್ಲಿಸಿ ನೋಡಿದ. ಅರಬಿಯ ಯಾವುದೋ ಮೆಸೇಜು. ವರ್ಷದಿಂದ ಇಂಥವು ಬರುತ್ತಲೇ ಇದ್ದವು. ಯಾರದೋ ಅಂಗಡಿಯ ಡಿಸ್ಕೌಂಟ್ ಇರಬೇಕೆಂದು ಎಂದಿನಂತೆ ಅಳಿಸಿಹಾಕಿದ.

ಬುಗ್ಗೆಯಲ್ಲಿ ಎಲ್ಲವೂ ಒಳ್ಳೆಯದೇ ಆಯಿತು. ಸುಶೀಲಮ್ಮ ಬಿಸಿನೀರಿನ ಕಾಲುವೆಗೆ ಕಾಲಿಟ್ಟು ಅರ್ಧ ಗಂಟೆ ಅಯ್ಯಪ್ಪಾ ಅಮ್ಮಾ ಎಂದು ಕುಳಿತು, ಎದ್ದಾಗ ನೋವು ಬಲ ಮೊಣಕಾಲಿಗೆ ಹೋಗಿದೆ ಎಂದರು. ಹೋಗಿದೆಯಲ್ಲ, ಅಷ್ಟು ಸಾಕು ಎಂದು ಎಲ್ಲರೂ ಪುಳಿಯೋಗರೆ ತಿಂದು ಹೊರಟರು. ತಪ್ಪಾದದ್ದು ಪಾರ್ಕಿಂಗಿನಲ್ಲಿ. ಕಾರಿನ ಹಿಂದೆ ಯಾರೋ ಮೇವಿನ ಕಟ್ಟು ತುಂಬಿದ ಪಿಕಪ್ ಒಂದನ್ನು ತಂದು ನಿಲ್ಲಿಸಿದ್ದರು.

"ನೀವ್ ಕೂತ್ಕೊಳ್ಳಿ ಗುರುವಣ್ಣ, ನಾನು ಹಿಂದೆ ನಿಂತು ಹೇಳ್ತೀನಿ," ಎಂದ ಚಲುವರಾಜು. "ರಿವರ್ಸ್ ಅಂದ್ರೆ ನನ್ನ ಸಬ್ಜೆಕ್ಟು. ಡ್ರಮ್ ಪಾಸ್ ಮಾಡಿದೀನಿ."

"ಅದು ಮೂರನೇ ಸರ್ತಿಗಲ್ವಾ?"

"ಪಾಸ್ ಪಾಸೇ ಅಲ್ವಾ. ಬನ್ನಿ, ಬನ್ನಿ. ಬರ್ಲಿ. ಇನ್ನೂ ಬರ್ಲಿ. ಬೇಕಾದಷ್ಟು ಜಾಗ ಐತೆ."

ಆ ಜಾಗ ಇದ್ದದ್ದು ಚಲುವರಾಜು ನಿಂತ ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಪಿಕಪ್ಪಿನ ಕಬ್ಬಿಣದ ಹಿಂಬಾಗಿಲು ಕಾಯುತ್ತಿತ್ತು. ಸದ್ದು ದೊಡ್ಡದೇನಲ್ಲ, ಹಪ್ಪಳ ಮುರಿದಷ್ಟು. ಗುರುವ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕುಳಿತುಬಿಟ್ಟ. ಎಂಟು ವರ್ಷ, ಎಷ್ಟೊಂದು ಕಾರು, ಎಷ್ಟೊಂದು ಶುಕ್ರವಾರ. ಇನ್ನು ಎರಡೇ ದಿನ ಉಳಿದಿತ್ತು.

ಇಳಿದು ನೋಡಿದರೆ ಪಿಕಪ್ಪಿಗೆ ಒಂದು ಗೀರೂ ಆಗಿರಲಿಲ್ಲ. ಬಿಳಿ ಕಾರಿನ ಬಂಪರು ಒಳಗೆ ಹೋಗಿ, ಬಲಗಡೆಯ ಹಿಂದಿನ ದೀಪ ಚೂರಾಗಿ ನೆಲದಲ್ಲಿ ಬಿದ್ದಿತ್ತು. ಮರದ ನೆರಳಿನಿಂದ ಪಿಕಪ್ಪಿನ ಯಜಮಾನರು ಎದ್ದು ಬಂದರು. ಖಲ್ಫಾನ್ ಎಂದು ಹೆಸರು, ಬಿಳಿ ಗಡ್ಡ, ಕೈಯಲ್ಲಿ ಖರ್ಜೂರ. ಗುರುವ ತನಗೆ ತಿಳಿದ ಹಿಂದಿಯಲ್ಲಿ ಕೈಮುಗಿದು ಕ್ಷಮೆ ಕೇಳಿದ. ಮುದುಕರು ತಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಮಾಫಿ ಮುಶ್ಕಿಲ್. ಖಲಾಸ್," ಎಂದರು, ತೊಂದರೆಯಿಲ್ಲ, ಮುಗಿಯಿತು ಎಂದರ್ಥ. ಅವನ ಕೈಗೊಂದು ಖರ್ಜೂರವಿಟ್ಟರು.

ಗುರುವನಿಗೆ ಅವರ ಕಾಲು ಮುಟ್ಟಬೇಕೆನಿಸಿತು. ಕಾಗದವಿಲ್ಲ, ಪೊಲೀಸರಿಲ್ಲ, ಹೆಸರು ಎಲ್ಲಿಯೂ ಬೀಳುವುದಿಲ್ಲ.

"ಖಲಾಸ್ ಅಂದ್ರೆ ಹೆಂಗೆ?" ಚಲುವರಾಜು ದೀಪದ ಚೂರೊಂದನ್ನು ಎತ್ತಿ ತೋರಿಸಿದ. "ನನ್ ಕಾರ್ ಗತಿ ಏನು? ಇನ್ಶೂರೆನ್ಸ್ ಕ್ಲೇಮ್ ಮಾಡ್ಬೇಕಂದ್ರೆ ಆಕ್ಸಿಡೆಂಟ್ ಫಾರ್ಮ್ ಬರೀಬೇಕು. ನಿಮ್ ಸಹಿ ಬೇಕು."

"ಫಾರ್ಮ್ ಬರೆದ್ರೆ ನನ್ನ ಹೆಸರಲ್ಲಿ ಆಕ್ಸಿಡೆಂಟ್ ಕೂತುಕೊಳ್ತದೆ ಮಾರಾಯ್ರೆ. ಭಾನುವಾರ ಎಂತ ಮಾಡುದು? ಒಂದು ನಿಮಿಷ ನಿಲ್ಲಿ."

ಅವನು ಆದಂಗೆ ಫೋನು ಮಾಡಿದ.

"ಮೆಸೇಜು ಬರ್ಲಿಲ್ಲ, ಬರ್ತದೆ," ಎಂದ ಆದಂ. "ಎಂತಾಯ್ತು? ಎದುರಿನ ಗಾಡಿಗೆ ತುಂಬಾ ಪೆಟ್ಟಾಗಿದೆಯಾ?"

"ಇಲ್ಲ. ಎಂತದೂ ಆಗ್ಲಿಲ್ಲ."

"ಛೆ," ಎಂದ ಆದಂ ನಿಜವಾದ ಬೇಸರದಿಂದ. "ಪಿಕಪ್ ಹಾಳಾಗಿದ್ರೆ ನಮ್ಮ ಪಾಲಿಸಿ ಕೊಡ್ತಿತ್ತು ನೋಡಿ."

"ನಾವು ಹೋದ ಕಾರು ಹಾಳಾಗಿದೆ."

"ಅದಕ್ಕೆ ಬರುದಿಲ್ಲ ಗುರುವಣ್ಣ. ಅದು ಕಾರಿನವನಿಗೂ ನಿಮಗೂ ಬಿಟ್ಟದ್ದು."

ಖಲ್ಫಾನರು ಇದನ್ನೆಲ್ಲ ಆಸಕ್ತಿಯಿಂದ ಕೇಳುತ್ತಿದ್ದರು. ಗುರುವನ ಮುಖ ನೋಡಿ ಅವರಿಗೆ ಏನಾದರೂ ಸಹಾಯ ಮಾಡಲೇಬೇಕೆನಿಸಿರಬೇಕು. ಅವನನ್ನು ಪಿಕಪ್ಪಿನ ಮುಂಭಾಗಕ್ಕೆ ಕರೆದೊಯ್ದು, ಹೋದ ಈದ್ ಹಬ್ಬದಲ್ಲಿ ತೋಟದ ಗೋಡೆಗೆ ತಾಗಿ ಒಡೆದ ದೀಪ ತೋರಿಸಿದರು. ಬೇಕಿದ್ದರೆ ಇದನ್ನೇ ಬರೆದುಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ ಎಂದರು. ಹಿಂದಕ್ಕೆ ಹೋಗಿ ಗುದ್ದಿದ ಕಾರು ಮುಂದಿನ ದೀಪ ಒಡೆಯುವುದು ಹೇಗೆಂದು ಗುರುವ ವಿವರಿಸಬೇಕಾಯಿತು. ಮುದುಕರು ಸ್ವಲ್ಪ ಯೋಚಿಸಿ, ಅದೂ ನಿಜ ಎಂದು ಒಪ್ಪಿಕೊಂಡರು.

"ದೃಷ್ಟಿ ಕಣಪ್ಪ," ಕಾರಿನೊಳಗಿನಿಂದ ಸುಶೀಲಮ್ಮ ಹೇಳಿದರು. "ಬೆಳಿಗ್ಗೆ ಆ ಆದಂ ಕಾರು ಕಾರು ಅಂತ ಅಷ್ಟೊಂದು ಕೇಳ್ದ ಅಂತ ಚಲುವ ಹೇಳ್ದ ನೋಡು, ಅವಾಗ್ಲೇ ಅನ್ಕೊಂಡೆ."

"ಅವ್ವ, ಸುಮ್ನಿರು. ಗುರುವಣ್ಣ, ಫಾರ್ಮ್ ಬರೀಲೇಬೇಕು. ಸಾಲ ಮಾಡಿ ತಂದ ಕಾರು."

ನ್ಯಾಯ ಚಲುವರಾಜುವಿನ ಕಡೆಗಿತ್ತು. ಪರರ ಕಾರು ಒಡೆದು, ನನ್ನ ಹೆಸರು ಕೆಡುತ್ತದೆ ಬಿಡಿ ಎನ್ನಲು ಯಾವ ಬಾಯಿ? ಅವನಿಗೆ ಅಳು ಬರುವಷ್ಟು ಸುಸ್ತಾಗಿತ್ತು. ಕೊನೆಗೆ, "ಆಯ್ತು, ಬರೆಯುವ," ಎಂದ.

ಖಲ್ಫಾನರಿಗೆ ಉತ್ಸಾಹ ಬಂತು. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರಂತೆ. ಪಿಕಪ್ಪಿನಿಂದ ಫಾರ್ಮು ತಂದರು, ಪೆನ್ನು ತಂದರು, ಮೇವಿನ ಕಟ್ಟಿನ ಮೇಲೆ ಹಲಗೆಯಿಟ್ಟು ಮೇಜು ಮಾಡಿದರು. ಗುರುವನ ಲೈಸೆನ್ಸ್ ಪಡೆದು ಹೆಸರು ಬರೆದುಕೊಂಡರು. ಆಮೇಲೆ ಚಲುವರಾಜುವಿನ ಕಡೆ ಕೈ ಚಾಚಿ, "ಮುಲ್ಕಿಯಾ," ಎಂದರು. ಗಾಡಿಯ ನೋಂದಣಿ ಕಾರ್ಡಿಗೆ ಇಲ್ಲಿ ಎಲ್ಲರೂ ಹೇಳುವ ಹೆಸರು ಅದು.

ಚಲುವರಾಜು ಕೈಯನ್ನು ಶರ್ಟಿನ ಜೇಬಿಗೆ ಒಯ್ದವನು ಅಲ್ಲೇ ನಿಲ್ಲಿಸಿದ.

"ಇರ್ಲಿ ಬಿಡಿ," ಎಂದ.

"ಎಂತದು ಇರ್ಲಿ?"

"ಫಾರ್ಮು ಗೀರ್ಮು ಯಾಕೆ ಗುರುವಣ್ಣ. ಒಂದ್ ಲೈಟು, ಒಂದ್ ಬಂಪರು. ನಮ್ ವಾದಿ ಕಬೀರಲ್ಲಿ ಗ್ಯಾರೇಜಿಗೇನ್ ಬರವಾ. ನಾನೇ ಮಾಡಿಸ್ಕೋತೀನಿ."

ಖಲ್ಫಾನರು ಮಾತ್ರ ಅರ್ಧ ಬರೆದ ಫಾರ್ಮನ್ನು ಬಿಡುವವರಲ್ಲ. ಮುಲ್ಕಿಯಾ, ಮುಲ್ಕಿಯಾ ಎಂದು ಬೆರಳಾಡಿಸಿದರು. ಚಲುವರಾಜು ಗುರುವನಿಗೆ ಬೆನ್ನು ಮಾಡಿ ನಿಂತು ಕಾರ್ಡು ಕೊಟ್ಟ. ಮುದುಕರು ಕನ್ನಡಕ ಏರಿಸಿ ಓದಿದರು. ಗುರುವನ ಲೈಸೆನ್ಸ್ ನೋಡಿದರು, ಮತ್ತೆ ಕಾರ್ಡು ನೋಡಿದರು, ಆಮೇಲೆ ಗುರುವನ ಮುಖ ನೋಡಿ ಹಲ್ಲಿಲ್ಲದ ಬಾಯಿ ತೆರೆದು ಜೋರಾಗಿ ನಕ್ಕರು. ಇಷ್ಟಕ್ಕೆ ಅಳುತ್ತೀಯಾ, ನಿನ್ನದನ್ನು ನೀನು ಒಡೆದುಕೊಂಡೆ, ಬೇರೆ ಯಾರಿಗೆ ಏನಾಯಿತು ಎಂದು ಹಿಂದಿಯಲ್ಲಿ ಹೇಳಿ, ಫಾರ್ಮನ್ನು ಎರಡಾಗಿ ಹರಿದರು.

"ನನ್ನದಲ್ಲ ಬಾಬಾ, ಇವರದ್ದು," ಎಂದ ಗುರುವ. ಮುದುಕರು ಇನ್ನಷ್ಟು ನಕ್ಕು ಅವನ ಬೆನ್ನು ತಟ್ಟಿದರು.

ಈ ಊರಿನವರ ದೊಡ್ಡ ಗುಣ, ಸ್ನೇಹಿತನ ಕಾರನ್ನು ನಿನ್ನದೇ ಅನ್ನುತ್ತಾರೆ ಎಂದು ಗುರುವ ಅಂದುಕೊಂಡ. ಚಲುವರಾಜುವಿನ ಗುಣವೂ ಇಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಬರುವ ದಾರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟ.

"ನಿಮ್ಮ ಉಪಕಾರ ಮರೆಯುದಿಲ್ಲ ಚಲುವರಾಜು. ರಿಪೇರಿಯದ್ದು ಅರ್ಧ ನನಗೆ ಬಿಡಿ."

"ಬ್ಯಾಡ ಗುರುವಣ್ಣ."

"ನನಗೆ ನಿದ್ದೆ ಬರುದಿಲ್ಲ."

"ನಿಮ್ಗೆ ನಿದ್ದೆ ಬರ್ಲಿ ಅಂತ ಒಪ್ಕೋತೀನಿ," ಎಂದ ಚಲುವರಾಜು, ಕಿಟಕಿಯ ಕಡೆ ನೋಡುತ್ತಲೇ.

ವಾದಿ ಕಬೀರ್ ತಲುಪುವಾಗ ಬಿಸಿಲು ಇಳಿದಿತ್ತು. ಬಿಲ್ಡಿಂಗಿನ ಮುಂದೆ ಕಾರು ನಿಲ್ಲಿಸಿ, ಸುಶೀಲಮ್ಮನವರನ್ನು ಲಿಫ್ಟಿಗೆ ಹತ್ತಿಸಿ, ಗುರುವ ತನ್ನ ಮನೆಗೆ ಬಂದ. ಕೀ ಕೊಡಲು ಚಲುವರಾಜುವಿಗೆ ಕೈ ಚಾಚಿದರೆ ಅವನು ತೆಗೆದುಕೊಳ್ಳದೆ ಹಿಂದೆ ಹಿಂದೆಯೇ ಬಂದ. ಒಳಗೆ ಆದಂ ಕುಳಿತಿದ್ದ. ಲುಂಗಿ ಹೋಗಿ ಪ್ಯಾಂಟು ಬಂದಿತ್ತು, ಮುಖ ಸಾವಿನ ಮನೆಗೆ ಬಂದವನಂತಿತ್ತು. ವಸಂತಿ ಕೈಕಟ್ಟಿ ನಿಂತಿದ್ದಳು.

"ಮೆಸೇಜು ಬಂತು," ಎಂದ ಆದಂ.

"ಬಂತಾ. ಸದ್ಯ."

"ರಿಜೆಕ್ಟ್ ಆಯ್ತು ಗುರುವಣ್ಣ. ಕಾರಿಲ್ಲದವರ ಪಾಲಿಸಿ ಕಾರಿದ್ದವರಿಗೆ ಕೊಡುದಿಲ್ಲಂತೆ. ನೀವು ನನ್ನ ಹತ್ತಿರ ಸುಳ್ಳು ಹೇಳಬಾರದಿತ್ತು. ನಾನು ಏಜೆಂಟ್ ಆದ್ರೂ ನಿಮ್ಮ ಊರಿನವ."

"ಯಾರಿಗೆ ಕಾರಿದೆ?"

"ನಿಮಗೆ. ಒಂದು ವರ್ಷದಿಂದ ನಿಮ್ಮ ಹೆಸರಲ್ಲಿ ಒಂದು ಕಾರುಂಟು. ಬಿಳಿ ಬಣ್ಣ." ಆದಂ ಫೋನು ನೋಡಿ ನಂಬರು ಓದಿದ.

ಆ ನಂಬರು ಗುರುವನಿಗೆ ತನ್ನ ಮಗಳ ಹುಟ್ಟಿದ ದಿನದಷ್ಟೇ ಚೆನ್ನಾಗಿ ಗೊತ್ತಿತ್ತು. ಇಡೀ ದಿನ ಅದರ ಸ್ಟೇರಿಂಗ್ ಹಿಡಿದಿದ್ದ. ಅವನು ನಿಧಾನವಾಗಿ ತಿರುಗಿ ಚಲುವರಾಜುವನ್ನು ನೋಡಿದ. ಚಲುವರಾಜು ಚಪ್ಪಲಿ ಸ್ಟ್ಯಾಂಡನ್ನು ನೋಡುತ್ತಿದ್ದ.

"ಲೈಸೆನ್ಸ್ ಇಲ್ದೋರ್ ಹೆಸರಿಗೆ ಮಾಡಕ್ಕಾಗಲ್ಲ ಅಂದ್ಬಿಟ್ರು ಗುರುವಣ್ಣ ಶೋರೂಮಲ್ಲಿ. ನೀವು ಜೊತೆಗಿದ್ರಿ. ಒಂದ್ ತಿಂಗಳ ಮಾತು, ಪಾಸ್ ಆಗಿ ನನ್ ಹೆಸರಿಗ್ ಮಾಡಿಸ್ಕೋತೀನಿ, ಆಮೇಲೆ ಹೇಳಿದ್ರಾಯ್ತು ಅನ್ಕೊಂಡೆ. ರೌಂಡಬೌಟ್ ಕೈ ಕೊಡ್ತು."

"ನಾನು ಯಾವಾಗ ಸೈನ್ ಮಾಡಿದೆ?"

ಕೇಳುವಾಗಲೇ ಅವನಿಗೆ ನೆನಪಾಯಿತು. ಕಾರು ಓಡಿಸಿಕೊಂಡು ಬರಲು ಜನ ಬೇಕೆಂದು ಚಲುವರಾಜು ಕರೆದೊಯ್ದಿದ್ದ. ಸೇಲ್ಸ್‌ಮನ್ ಅರಬಿಯ ಕಾಗದಗಳನ್ನು ಮುಂದಿಟ್ಟಿದ್ದ. ಅಲ್ಲಿ ಮೂರು ಕಡೆ ಹಳದಿ ಚೀಟಿ ಅಂಟಿಸಿದ್ದರು. ಎಷ್ಟು ನೇರವಾಗಿ, ಎಷ್ಟು ಅಚ್ಚುಕಟ್ಟಾಗಿ ಅಂಟಿಸಿದ್ದಾರೆ ಎಂದು ಗುರುವ ಕೆಲಸಗಾರನ ಕಣ್ಣಿನಿಂದ ಮೆಚ್ಚಿಕೊಂಡು, ಡ್ರೈವರನ ಸಹಿ ಇರಬೇಕೆಂದು ಮೂರೂ ಕಡೆ ಸಹಿ ಹಾಕಿದ್ದ. ವರ್ಷವಿಡೀ ಅಳಿಸಿದ ಅರಬಿ ಮೆಸೇಜುಗಳೂ ಈಗ ಒಂದೊಂದಾಗಿ ನೆನಪಾದವು. ಆ ಕಾರಿನ ಸೀಟು ತಾನು ಬಿಟ್ಟಲ್ಲೇ ಇರುತ್ತಿತ್ತು ಎಂಬುದೂ ನೆನಪಾಯಿತು.

"ಹಾಗಾದ್ರೆ ಇವರು ಒಂದು ವರ್ಷದಿಂದ ಇವರ ಕಾರಿಗೇ ಮರ್ಯಾದೆಗೆ ಪೆಟ್ರೋಲು ಹಾಕಿಸಿದ್ದಾ?" ಎಂದಳು ವಸಂತಿ.

ಗುರುವ ಸೋಫಾದಲ್ಲಿ ಕುಳಿತ. ಕೋಪ ಬರಬೇಕಿತ್ತು, ಬರಲಿಲ್ಲ. ಕೋಪಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತದೆ. ಅವನ ತಲೆಯಲ್ಲಿ ಇದ್ದದ್ದು ನೀರಜಾಳ ಮೊದಲ ನಿಯಮ ಒಂದೇ.

"ನಾಳೆಯೇ ನಿಮ್ಮ ಹೆಸರಿಗೆ ಮಾಡಿಕೊಳ್ಳಿ," ಎಂದ.

"ಲೈಸೆನ್ಸ್ ಎಲ್ಲೈತೆ ಗುರುವಣ್ಣ?"

"ಆದಂ, ಎರಡು ದಿನಕ್ಕೆ ನಿನ್ನ ಹೆಸರಿಗೆ?"

"ನನ್ನ ಹೆಂಡತಿ ನನ್ನನ್ನು ಮನೆಗೆ ಸೇರಿಸುದಿಲ್ಲ," ಎಂದ ಆದಂ. ಆಮೇಲೆ ಸ್ವಲ್ಪ ಮುಂದೆ ಬಾಗಿ, ದನಿ ತಗ್ಗಿಸಿ, "ಕಾರಿದ್ದವರಿಗೆ ನಮ್ಮಲ್ಲಿ ಬೇರೆ ಪಾಲಿಸಿ ಉಂಟು. ನಿಮ್ಮ ಕಾರನ್ನು ಬೇರೆಯವರು ಓಡಿಸಿದ್ರೂ ಕವರ್ ಆಗ್ತದೆ," ಎಂದ. ವಸಂತಿ ಅವನನ್ನು ನೋಡಿದ ರೀತಿಗೆ ಮತ್ತೆ ಹಿಂದಕ್ಕೆ ಒರಗಿದ.

ಆಗ ಗುರುವನ ಫೋನು ರಿಂಗಾಯಿತು. ನೀರಜಾ. ರಜೆಯ ದಿನವೂ ಕೆಲಸ ಮಾಡುವ ಹೆಂಗಸು.

"ಗುರುವ ಅವ್ರೇ, ಪಟ್ಟಿ ಇವತ್ತೇ ಕಳಿಸ್ಬಿಟ್ಟೆ. ನಿಮ್ಮನ್ನೇ ಹಾಕ್ಬೇಕು ಅಂತಿದ್ದೆ. ನಿನ್ನೆ ಎಲ್ಲರ ರೆಕಾರ್ಡ್ ಚೆಕ್ ಮಾಡಿಸಿದ್ವಿ. ಕಾರ್ ತಗೊಂಡಿದ್ದು ನೀವ್ ಹೇಳ್ಲೇ ಇಲ್ಲ. ಇರ್ಲಿ, ಕಂಗ್ರಾಟ್ಸ್. ಹೆಸರಲ್ಲಿ ಗಾಡಿ ಇಲ್ಲ, ಒಂದು ಆಕ್ಸಿಡೆಂಟ್ ಇಲ್ಲ, ಒಂದು ಫೈನೂ ಇಲ್ಲ, ಅಂಥೋರು ಒಬ್ರೇ ಸಿಕ್ಕಿದ್ದು. ನಿಮ್ ಬಿಲ್ಡಿಂಗಿನೋರೇ, ಚಲುವರಾಜು. ಅವ್ರಿಗೆ ಲೈಸೆನ್ಸ್ ಬರೋವರೆಗೂ ಓಡಿಸೋಕೆ ನಿಮ್ಮನ್ನ ಕೊಡಿ ಅಂತ ಮ್ಯಾನೇಜರ್ ಹೇಳಿದಾರೆ. ಹೇಗೂ ನಿಮಗೆ ಅಭ್ಯಾಸ ಇದೆಯಲ್ಲ."

ಫೋನು ಇಟ್ಟ ಮೇಲೆ ಗುರುವ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ನೀರಜಾಳ ಧ್ವನಿ ಕೋಣೆಯ ಆಚೆ ತುದಿಗೂ ಕೇಳಿಸುವಂಥದ್ದು. ಜೀವಮಾನದಲ್ಲಿ ಟೆಸ್ಟಿನ ಹೊರಗೆ ಕಾರು ಓಡಿಸದವನ ರೆಕಾರ್ಡಿನಲ್ಲಿ ಆಕ್ಸಿಡೆಂಟ್ ಎಲ್ಲಿಂದ ಬರಬೇಕು? ಚಲುವರಾಜು ನಾಚಿಕೆಯಿಂದ ಕುಗ್ಗಿಹೋಗಿದ್ದ. ಆದರೂ ಅವನ ತುಟಿಯ ಮೂಲೆಯಲ್ಲಿ ಒಂದು ಸಂತೋಷ ಹೇಳಿದ ಮಾತು ಕೇಳದೆ ಹೊರಗೆ ಬರುತ್ತಿತ್ತು.

"ಗುರುವಣ್ಣ," ಎಂದ ಅವನು, ತುಂಬ ಮೆತ್ತಗೆ. "ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟ್ರೆ ರುಸ್ತಾಕ್‌ಗೆ ಹೊತ್ತಿಗ್ ಸರಿಯಾಗಿ ಹೋಗ್ಬೋದಲ್ವಾ?"

ಗುರುವ ತನ್ನ ಕೈಯಲ್ಲಿ ಇನ್ನೂ ಉಳಿದಿದ್ದ ಕೀ ನೋಡಿದ. "ಯಾವ ಕಾರಲ್ಲಿ?" ಎಂದು ಕೇಳಿದ.

"ಕಂಪನಿ ಕಾರು ಬರೋಕೆ ಎರಡ್ ತಿಂಗ್ಳಾದ್ರೂ ಬೇಕಂತೆ. ಅಲ್ಲೀವರೆಗೂ ನಿಮ್ ಕಾರೈತಲ್ಲ."

ಆ ಬಿಳಿ ಕಾರನ್ನು ಚಲುವರಾಜು ನಿಮ್ಮದು ಎಂದು ಕರೆದದ್ದು ಒಂದು ವರ್ಷದಲ್ಲಿ ಅದೇ ಮೊದಲು.